ಕೊಟ್ಟಿಗೆಯ ಬಾನಿ, ಮನೆಯ ಜ್ವರ

ಮಳೆಗಾಲದಲ್ಲಿ ಶಿವಮೊಗ್ಗ, ಭದ್ರಾವತಿಗಳ ಕಡೆ ಮಗುವಿಗೆ ಡೆಂಗಿಯೂ ಕೊಟ್ಟಿಗೆಯ ಹಸುವಿಗೆ ಚರ್ಮಗಂಟು ರೋಗವೂ ಒಟ್ಟಿಗೆ ಬಂದರೆ, ಹಸುವಿನಿಂದಲೇ ಮಗುವಿಗೆ ಅಂಟಿತೆಂದು ಭಾವಿಸುವುದುಂಟು. ಅದು ಸರಿಯಲ್ಲ. ಡೆಂಗಿ ರಾಸುಗಳಿಂದ ಬರುವುದಿಲ್ಲ. 2022ರಲ್ಲಿ ನಾಡಿನ ರಾಸುಗಳನ್ನು ಕಾಡಿದ ಚರ್ಮಗಂಟು ರೋಗ ಮನುಷ್ಯರಿಗೆ ತಗಲುವುದಿಲ್ಲ. ವೈರಾಣುಗಳು ಬೇರೆ, ಆದರೆ ಎರಡನ್ನೂ ಸೊಳ್ಳೆ ಹೊರಬಲ್ಲದು. ಚರ್ಮಗಂಟು ರೋಗವನ್ನು ನೊಣ, ಉಣ್ಣೆಗಳೂ ಹರಡುತ್ತವೆ.

ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಚರಂಡಿ ಬೇಕಿಲ್ಲ, ನಿಂತ ತಿಳಿನೀರು ಸಾಕು: ದನ ಕುಡಿಯುವ ಬಾನಿ, ಮುಚ್ಚಳವಿಲ್ಲದ ತೊಟ್ಟಿ, ತೋಟದಲ್ಲಿ ಬಿದ್ದ ಅಡಿಕೆ ಹಾಳೆ. ಮೊಟ್ಟೆಯು ಸೊಳ್ಳೆಯಾಗಲು ಏಳರಿಂದ ಹತ್ತು ದಿನ. ಆದುದರಿಂದ ವಾರಕ್ಕೊಮ್ಮೆ ಬಾನಿಯನ್ನು ಬರಿದು ಮಾಡಿ, ಒಳಮೈಯನ್ನು ಉಜ್ಜಿ ತೊಳೆಯಬೇಕು. ನೀರು ಚೆಲ್ಲಿದರಷ್ಟೇ ಸಾಲದು. ಅಂಚಿಗಂಟಿದ ಮೊಟ್ಟೆ ಒಣಗಿದ್ದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಸಂಜೆಯ ಬೇವಿನ ಹೊಗೆ ಹಸುವಿಗೆ ಹಿತವೇ ಸರಿ. ಹಗಲು ಕಚ್ಚುವ ಈಡಿಸನ್ನು ಅದು ತಡೆಯದು. 2024ರಲ್ಲಿ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿ, ಸೊಳ್ಳೆ ಬೆಳೆಯಗೊಡುವ ಮನೆಗಳಿಗೆ ದಂಡದ ನಿಯಮವನ್ನೇ ತಂದಿತು.

ಗಂಟೆದ್ದ ರಾಸನ್ನು ಬೇರೆ ಕಟ್ಟಿ ಪಶುವೈದ್ಯರಿಗೆ ತಿಳಿಸಬೇಕು. ಲಸಿಕೆ ಆರೋಗ್ಯವಾಗಿರುವ ರಾಸುಗಳಿಗೆ. ಮನೆಯವರಿಗೆ ಜ್ವರ ಬಂದರೆ ಆಸ್ಪಿರಿನ್, ಐಬುಪ್ರೊಫೇನ್ ಮಾತ್ರೆ ಬೇಡ, ರಕ್ತಸ್ರಾವ ಹೆಚ್ಚೀತು. ಜ್ವರ ಇಳಿಯಿತೆಂದು ನಿಶ್ಚಿಂತರಾಗುವ ದಿನಗಳೇ ಡೆಂಗಿಯಲ್ಲಿ ಅಪಾಯದವು. ಆಗ ತೀವ್ರ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.