ದಸರಾ ರಜೆಗೆ ಹೋಯ್ ಆನ್ ಬೇಡ, ಪುಟ್ಟಿ

ಪ್ರೀತಿಯ ಪುಟ್ಟಿ,

ಸ್ವಂತ ಸಂಬಳ ಕೂಡಿಟ್ಟು ಇಬ್ಬರು ಗೆಳತಿಯರ ಜೊತೆ ವಿಯೆಟ್ನಾಂ ನೋಡಲು ಹೊರಟಿದ್ದೀಯ ಎಂದು ನಿಮ್ಮಮ್ಮ ಹೇಳಿದಾಗ ಈ ಮನೆಯಲ್ಲಿ ಎಲ್ಲರಿಗೂ ಹಿಗ್ಗು. ದಸರಾ ರಜೆಯಲ್ಲಿ ಹೋಗುವುದು, ಹೋಯ್ ಆನ್ ಪಟ್ಟಣದಲ್ಲಿ ಒಂದೇ ರಾತ್ರಿ ತಂಗುವುದು ಎಂದು ಕೇಳಿದ ಮೇಲೆ ಮಾತ್ರ ದೊಡ್ಡಮ್ಮನಿಗೆ ಕಾಗದ ಬರೆಯದೆ ಇರಲಾಗಲಿಲ್ಲ. ನಿನ್ನ ವಯಸ್ಸಿನ ಎಷ್ಟೋ ಮಕ್ಕಳು ಈಗ ಅತ್ತ ಹೊರಡುತ್ತಿದ್ದಾರೆ. ಅವರಿಗೂ ಸಿಗಲಿ ಎಂದು ದೊಡ್ಡಮ್ಮ ಇದನ್ನು ಪತ್ರಿಕೆಗೂ ಕೊಟ್ಟಿದ್ದಾಳೆ. ಹೇಳುವುದು ಎರಡೇ ಮಾತು: ತಿಂಗಳು ಬದಲಿಸು, ಒಂದು ರಾತ್ರಿಯನ್ನು ಮೂರು ರಾತ್ರಿ ಮಾಡು.

ಮೊದಲು ಮಳೆಯ ಮಾತು. ನಮಗೆ ಮುಂಗಾರು ಜೂನ್‌ನಲ್ಲಿ ಹಿಡಿದು ದಸರಾ ಹೊತ್ತಿಗೆ ಬಿಡುವು ಕೊಡುತ್ತದೆ. ಹೋಯ್ ಆನ್ ಇರುವ ವಿಯೆಟ್ನಾಮಿನ ನಡುಭಾಗದ ಕರಾವಳಿಯ ಲೆಕ್ಕ ತಿರುವುಮುರುವು. ಅಲ್ಲಿ ಜೂನ್, ಜುಲೈ ಸುಡುಬಿಸಿಲು. ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಈಶಾನ್ಯದ ಮಾರುತ, ಅದರ ಜೊತೆಗೆ ಸಮುದ್ರದಿಂದ ಏಳುವ ಚಂಡಮಾರುತಗಳು. ಅಕ್ಟೋಬರ್, ನವೆಂಬರ್ ಎಂದರೆ ಹೋಯ್ ಆನ್ ಪಕ್ಕದ ಥು ಬಾನ್ ನದಿ ಊರೊಳಗೆ ಬರುವ ಕಾಲ. ಅಂದರೆ ನಮ್ಮ ದಸರಾ, ದೀಪಾವಳಿ ರಜೆಗಳು ಸರಿಯಾಗಿ ಅಲ್ಲಿನ ನೆರೆಯ ತಿಂಗಳಲ್ಲಿ ಬೀಳುತ್ತವೆ. 2025ರ ಅಕ್ಟೋಬರ್ ಕೊನೆಯ ವಾರದಲ್ಲಿ ಹಳೆಯ ಪೇಟೆಯೇ ಮುಳುಗಿ, ಪ್ರವಾಸಿಗರನ್ನು ದೋಣಿಗಳಲ್ಲಿ ಹೊರಗೆ ಸಾಗಿಸಬೇಕಾಯಿತು. ಆ ಊರಿನವರು 1964ರ ಮಹಾಪೂರವನ್ನು ಇನ್ನೂ ನೆನೆಯುತ್ತಾರೆ. ಹಳೆಯ ಮನೆಗಳ ಗೋಡೆಯ ಮೇಲೆ ಯಾವ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಗುರುತು ಹಾಕಿಟ್ಟಿದ್ದಾರೆ. ಕೆಲವು ಮನೆಗಳ ಅಟ್ಟದ ಹಲಗೆಯಲ್ಲಿ ಒಂದು ಕಿಂಡಿ ಇರುತ್ತದೆ. ನೀರು ಏರತೊಡಗಿದರೆ ಕೆಳಗಿನ ಸಾಮಾನನ್ನು ಅದರೊಳಗಿಂದ ಮೇಲಕ್ಕೆ ಎಳೆದುಕೊಳ್ಳುತ್ತಾರೆ. ಅಂಥ ಹೊತ್ತಿನಲ್ಲಿ ಅವರ ಮನೆ ಬಾಗಿಲಿಗೆ ನೆಂಟರಾಗಿ ಹೋಗುವುದು ನಮಗೂ ಕಷ್ಟ, ಅವರಿಗೂ ಕಷ್ಟ.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ. ಜನವರಿ ಕೊನೆಗೋ ಫೆಬ್ರವರಿಯಲ್ಲೋ ಬರುವ ತೆತ್ ಅವರ ಹೊಸವರ್ಷ. ಆ ವಾರ ಅಂಗಡಿಗಳು ಮುಚ್ಚಿರುತ್ತವೆ, ಬಸ್ಸು, ರೈಲು ತುಂಬಿರುತ್ತವೆ, ಆದ್ದರಿಂದ ಅದನ್ನೂ ತಪ್ಪಿಸು. ದೊಡ್ಡಮ್ಮನ ಸಲಹೆ ದವನದ ಹುಣ್ಣಿಮೆ. ಯುಗಾದಿ ಕಳೆದು ಎರಡು ವಾರಕ್ಕೆ ಬರುವ ಆ ಹುಣ್ಣಿಮೆ ಏಕೆ ಎಂದು ಮುಂದೆ ಹೇಳುತ್ತಾಳೆ.

ಕಾಗದಪತ್ರದ ಕೆಲಸ ಕಡಿಮೆ, ಆದರೆ ಎಚ್ಚರ ಬೇಕು. ಭಾರತೀಯರಿಗೆ ಇ-ವೀಸಾ ಸಿಗುತ್ತದೆ. 2023ರ ಆಗಸ್ಟ್ 15ರಿಂದ ಅದರ ಅವಧಿ 90 ದಿನ. ಒಂದು ಸಲದ ಪ್ರವೇಶಕ್ಕೆ 25 ಡಾಲರ್, ಹಲವು ಸಲಕ್ಕೆ 50. ವಿಯೆಟ್ನಾಂ ಸರ್ಕಾರದ ಅಧಿಕೃತ ತಾಣದಲ್ಲೇ ಅರ್ಜಿ ಹಾಕು. ಅದನ್ನೇ ಹೋಲುವ ಮಧ್ಯವರ್ತಿಗಳ ತಾಣಗಳು ಬೇಕಾದಷ್ಟಿವೆ, ಅವು ಕೇಳುವ ದುಡ್ಡೂ ಹೆಚ್ಚು. ನಮ್ಮ ಕಡೆ ಒಬ್ಬರ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಸೇರಿರುತ್ತದೆ, ಇನ್ನೊಬ್ಬರದರಲ್ಲಿ ಊರಿನ ಹೆಸರು, ಮತ್ತೊಬ್ಬರದರಲ್ಲಿ ಮನೆತನದ ಹೆಸರಿನ ಜಾಗವೇ ಖಾಲಿ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಅಕ್ಷರ ತಪ್ಪದೆ ಹಾಗೆಯೇ ತುಂಬಬೇಕು. ಹೋಟೆಲಿನವರು ಪಾಸ್‌ಪೋರ್ಟ್ ಕೇಳಿದರೆ ಗಾಬರಿಯಾಗಬೇಡ, ಬಂದವರ ವಿವರವನ್ನು ಪೊಲೀಸರಿಗೆ ತಿಳಿಸುವುದು ಅಲ್ಲಿನ ಕಾನೂನು.

ಹೋಯ್ ಆನ್‌ಗೆ ವಿಮಾನವೂ ಇಲ್ಲ, ರೈಲೂ ಇಲ್ಲ. ಸುಮಾರು 30 ಕಿಲೋಮೀಟರ್ ಉತ್ತರದ ಡಾ ನಾಂಗ್‌ನಲ್ಲಿ ಇಳಿದು ಕಾರು ಹಿಡಿಯಬೇಕು. ಗ್ರಾಬ್ ಆ್ಯಪ್‌ನಲ್ಲಿ ಬಾಡಿಗೆ ಮೊದಲೇ ಕಾಣುವುದರಿಂದ ಚೌಕಾಸಿಯ ರಗಳೆ ಇರುವುದಿಲ್ಲ. 2025ರ ಜುಲೈ 1ರಿಂದ ಹೋಯ್ ಆನ್ ಇದ್ದ ಕ್ವಾಂಗ್ ನಾಮ್ ಪ್ರಾಂತ್ಯವನ್ನೇ ಡಾ ನಾಂಗ್ ನಗರಕ್ಕೆ ಸೇರಿಸಿದ್ದಾರೆ, ಹಾಗಾಗಿ ವಿಳಾಸದಲ್ಲಿ ಎರಡೂ ಹೆಸರು ಕಂಡರೆ ಗೊಂದಲ ಬೇಡ. ಬಾಡಿಗೆ ಸ್ಕೂಟರಿನ ಆಸೆಯನ್ನು ಮಾತ್ರ ಬಿಟ್ಟುಬಿಡು. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿ 1949ರ ರಸ್ತೆ ಸಂಚಾರ ಒಪ್ಪಂದದ್ದು, ವಿಯೆಟ್ನಾಂ ಒಪ್ಪುವುದು 1968ರದ್ದನ್ನು. ಬಾಡಿಗೆ ಕೊಡುವವರು ಇದನ್ನು ಕೇಳುವುದೇ ಇಲ್ಲ. ಬಿದ್ದು ಕೈಕಾಲು ಮುರಿದ ಮೇಲೆ ವಿಮೆಯವರು ಕೇಳುತ್ತಾರೆ. ಮೇಲಾಗಿ ಅಲ್ಲಿ ರಸ್ತೆಯ ಬಲಗಡೆ ಓಡಿಸುತ್ತಾರೆ. ಊರು ಸಮತಟ್ಟಾಗಿದೆ, ಎಷ್ಟೋ ಹೋಟೆಲುಗಳು ಸೈಕಲ್ಲನ್ನು ಪುಕ್ಕಟೆ ಕೊಡುತ್ತವೆ, ಅಷ್ಟು ಸಾಕು. ಆಂಬುಲೆನ್ಸ್‌ಗೆ 115, ಪೊಲೀಸರಿಗೆ 113. ಈಗಲೇ ಫೋನಿನಲ್ಲಿ ಹಾಕಿಟ್ಟುಕೋ.

ದುಡ್ಡಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮ ಒಂದು ರೂಪಾಯಿಗೆ ಹೆಚ್ಚುಕಡಿಮೆ 300 ಡಾಂಗ್. ಮೆನುವಿನಲ್ಲಿ 50 ಎಂದು ಬರೆದಿದ್ದರೆ 50,000 ಎಂದು ತಿಳಿ, ಮೂರು ಸೊನ್ನೆಗಳನ್ನು ಅವರು ನುಂಗಿಬಿಡುತ್ತಾರೆ. 20,000ದ ನೋಟು ನೀಲಿ, 5,00,000ದ ನೋಟೂ ನೀಲಿ. ಸಂಜೆಗತ್ತಲಲ್ಲಿ ಎರಡೂ ಒಂದೇ. ದೊಡ್ಡಮ್ಮ ಮಾರುಕಟ್ಟೆಯ ಹೊರಗೆ ಕೂತಿದ್ದ ಹಣ್ಣಿನಾಕೆಗೆ 20,000 ಎಂದುಕೊಂಡು ದೊಡ್ಡ ನೋಟು ಕೊಟ್ಟು ನಡೆದೇಬಿಟ್ಟಿದ್ದಳು. ಬೆನ್ನ ಹಿಂದೆ ಚಪ್ಪಲಿಯ ಸದ್ದು. ಆಕೆ ಏದುಸಿರು ಬಿಡುತ್ತ ಬಂದವಳೇ ನೋಟನ್ನು ಕೈಗಿಟ್ಟು, ತನ್ನ ಜೇಬಿನ ಸಣ್ಣ ನೋಟು ತೆಗೆದು ತಿರುಗಿಸಿ, ಅದರ ಹಿಂಬದಿಯ ಚಿತ್ರವನ್ನು ಬೆರಳಿನಿಂದ ತೋರಿಸಿದಳು. ಮಾಡು ಇರುವ ಒಂದು ಪುಟ್ಟ ಸೇತುವೆ. ಆಮೇಲೆ ಅದೇ ಬೆರಳನ್ನು ಬೀದಿಯ ಆಚೆ ತುದಿಗೆ ಚಾಚಿದಳು. ನೋಟಿನ ಮೇಲಿದ್ದ ಸೇತುವೆ ಅಲ್ಲೇ ಇತ್ತು. ಸೇತುವೆ ಕಂಡರೆ ಅದು ಇಪ್ಪತ್ತು ಸಾವಿರ. ಆ ಗುರುತನ್ನು ಆಕೆ ಹೇಳಿಕೊಟ್ಟ ಮೇಲೆ ದೊಡ್ಡಮ್ಮ ಮತ್ತೆ ತಪ್ಪಲಿಲ್ಲ.

ಆ ಸೇತುವೆಯನ್ನು ಕಟ್ಟಲು ಶುರುಮಾಡಿದವರು ಜಪಾನಿನ ವ್ಯಾಪಾರಿಗಳು, 1593ರ ಸುಮಾರಿಗೆ. ಒಂದು ತುದಿಯಲ್ಲಿ ನಾಯಿಗಳ ಮೂರ್ತಿ, ಇನ್ನೊಂದು ತುದಿಯಲ್ಲಿ ಕೋತಿಗಳದ್ದು. 1719ರಲ್ಲಿ ಇಲ್ಲಿಗೆ ಬಂದ ದೊರೆ ನ್ಗುಯೆನ್ ಫುಕ್ ಚು ಇದಕ್ಕೆ ದೂರದಿಂದ ಬಂದವರ ಸೇತುವೆ ಎಂಬ ಅರ್ಥದ ಹೆಸರಿಟ್ಟ. ಈಚೆಗೆ ಸುಮಾರು ಎರಡು ವರ್ಷ ಬಿಚ್ಚಿ ದುರಸ್ತಿ ಮಾಡಿ 2024ರ ಆಗಸ್ಟ್‌ನಲ್ಲಿ ಮತ್ತೆ ತೆರೆದಾಗ, ಬಣ್ಣ ತೀರಾ ಹೊಸದಾಯಿತು ಎಂದು ಬಹಳ ಜನ ಬೇಸರಪಟ್ಟರು. ಅಷ್ಟು ಅಕ್ಕರೆ ಅದರ ಮೇಲೆ. ಇಡೀ ಊರು ಉಳಿದುಕೊಂಡ ಕತೆಯೂ ವಿಚಿತ್ರ. ಚೀನೀಯರು, ಜಪಾನೀಯರು, ಡಚ್ಚರು ಹಡಗು ನಿಲ್ಲಿಸುತ್ತಿದ್ದ ರೇವು ಇದು. ನದಿಯಲ್ಲಿ ಹೂಳು ತುಂಬಿತು, ದೊಡ್ಡ ಹಡಗುಗಳು ಡಾ ನಾಂಗ್‌ಗೆ ಹೋದವು, ವ್ಯಾಪಾರ ಸತ್ತಿತು. ಹೊಸ ಕಟ್ಟಡ ಕಟ್ಟಲು ಯಾರಿಗೂ ಕಾರಣವೇ ಉಳಿಯದ್ದರಿಂದ ಹಳೆಯ ಮನೆಗಳು ಹಾಗೆಯೇ ನಿಂತವು. 1999ರಲ್ಲಿ ಹಳೆಯ ಪೇಟೆ ಯುನೆಸ್ಕೊ ಪಟ್ಟಿಗೆ ಸೇರಿತು. ಹಳೆಯ ಪೇಟೆಯ ಮನೆ, ಸಭಾಭವನಗಳನ್ನು ಒಳಗಿಂದ ನೋಡಲು ವಿದೇಶಿಯರಿಗೆ 1,20,000 ಡಾಂಗ್‌ನ ಟಿಕೆಟ್ ಇದೆ. ಸುಮಾರು ನಾನೂರು ರೂಪಾಯಿ. ಸಂದಿಯಿಂದ ನುಸುಳುವ ದಾರಿ ತೋರಿಸುವವರ ಮಾತು ಕೇಳಬೇಡ. ಆ ದುಡ್ಡು ಹೋಗುವುದು ಅದೇ ಮನೆಗಳ ಹೆಂಚು, ತೊಲೆಗಳ ರಿಪೇರಿಗೆ. ಫುಜಿಯನ್ ಚೀನೀಯರ ಸಭಾಭವನವನ್ನು ತಪ್ಪದೆ ನೋಡು. ಕಡಲ ದೇವಿಯ ಗುಡಿ ಅದು, ಜನ ಇಂದಿಗೂ ಕೈಮುಗಿಯುವ ಜಾಗ, ಆದ್ದರಿಂದ ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ.

ಇನ್ನು ಊಟ. ನಿನ್ನ ದೊಡ್ಡ ಚಿಂತೆ ಇದೇ ಎಂದು ದೊಡ್ಡಮ್ಮನಿಗೆ ಗೊತ್ತು. ಮಾಂಸ ಬೇಡ ಎಂದರೆ ಸಾಲದು. ಮಾಂಸ ತೆಗೆದು, ನುವೊಕ್ ಮಾಮ್ ಎಂಬ ಮೀನಿನ ಸಾಸ್ ಹಾಕಿಯೇ ಕೊಡುತ್ತಾರೆ. ಅವರ ಪಾಲಿಗೆ ಅದು ನಮ್ಮ ಉಪ್ಪು, ಹುಳಿ ಇದ್ದ ಹಾಗೆ. ಹೇಳಬೇಕಾದ ಮಾತು ‘ತೊಯ್ ಆನ್ ಚಾಯ್’. ಚಾಯ್ ಎಂದರೆ ಬೌದ್ಧ ವ್ರತದ ಊಟ, ಅದರಲ್ಲಿ ಮೀನಿಲ್ಲ, ಎಷ್ಟೋ ಕಡೆ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ನಮ್ಮ ಉಚ್ಚಾರಣೆಯಲ್ಲಿ ಸ್ವರ ತಪ್ಪುವುದು ಖಂಡಿತ, ಹಾಗಾಗಿ ಅವರ ಲಿಪಿಯಲ್ಲೇ ಬರೆಸಿಕೊಂಡು ಫೋನಿನಲ್ಲಿ ತೋರಿಸು. ‘ಕ್ವಾನ್ ಚಾಯ್’ ಎಂಬ ಬೋರ್ಡು ಕಂಡರೆ ಧೈರ್ಯವಾಗಿ ಒಳಗೆ ಹೋಗು. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಅಲ್ಲಿ ಬಹಳ ಜನ ಚಾಯ್ ಉಣ್ಣುತ್ತಾರೆ, ಅವತ್ತು ಬೀದಿಬದಿಯಲ್ಲೂ ಸಿಗುತ್ತದೆ. ತಿಂಗಳ ಹದಿನಾಲ್ಕನೆಯ ರಾತ್ರಿ ಹಳೆಯ ಪೇಟೆಯಲ್ಲಿ ವಿದ್ಯುದ್ದೀಪ ಆರಿಸಿ ಲಾಟೀನುಗಳನ್ನಷ್ಟೇ ಹಚ್ಚುತ್ತಾರೆ. ಈಗ ತಿಳಿಯಿತಲ್ಲ, ಹುಣ್ಣಿಮೆ ಏಕೆ ಎಂದು? ಒಂದು ರಾತ್ರಿ ದೀಪ, ಮಾರನೆಯ ದಿನ ಹೊಟ್ಟೆ ತುಂಬ ಊಟ. ನಮ್ಮ ಪಂಚಾಂಗಕ್ಕೂ ಅವರ ಲೆಕ್ಕಕ್ಕೂ ಒಂದೆರಡು ದಿನ ಹಿಂದುಮುಂದಾಗಬಹುದು, ಟಿಕೆಟ್ ಮಾಡುವ ಮೊದಲು ಹೋಟೆಲಿನವರನ್ನು ಕೇಳಿ ದಿನ ಖಚಿತ ಮಾಡಿಕೋ.

ಕಾವ್ ಲಾವ್ ಎಂಬ ದಪ್ಪ ಶ್ಯಾವಿಗೆ ಈ ಊರಿನದೇ. ಅಕ್ಕಿಯನ್ನು ಬೂದಿನೀರಿನಲ್ಲಿ ನೆನೆಸಿ ಮಾಡುತ್ತಾರೆ, ನೀರು ಬಾ ಲೇ ಎಂಬ ಹಳೆಯ ಬಾವಿಯದ್ದೇ ಆಗಬೇಕೆಂಬ ವಾಡಿಕೆ. ಮೇಲೆ ಹಂದಿಮಾಂಸ ಹಾಕುವುದು ಪದ್ಧತಿ, ಚಾಯ್ ಅಂಗಡಿಗಳಲ್ಲಿ ತೋಫು, ಅಣಬೆ ಹಾಕಿ ಕೊಡುತ್ತಾರೆ. ಅದರ ಮೇಲಿನ ಸೊಪ್ಪು ಬರುವುದು ಊರಿನಿಂದ ಎರಡು ಮೂರು ಕಿಲೋಮೀಟರ್ ದೂರದ ಚಾ ಕ್ವೆ ಹಳ್ಳಿಯಿಂದ. ಬೆಳಗ್ಗೆ ಆರಕ್ಕೆಲ್ಲ ಸೈಕಲ್ ಹತ್ತಿ ಅಲ್ಲಿಗೆ ಹೋಗು. ಪಾತಿಗಳ ನಡುವೆ ಹೆಗಲ ಮೇಲೆ ಅಡ್ಡೆ ಹೊತ್ತು, ಎರಡೂ ತುದಿಗೆ ನೀರಿನ ಡಬ್ಬ ಕಟ್ಟಿಕೊಂಡು, ಒಂದೇ ನಡಿಗೆಯಲ್ಲಿ ಎರಡು ಸಾಲಿಗೆ ನೀರು ಹನಿಸುತ್ತ ಹೋಗುತ್ತಾರೆ. ಮಣ್ಣಿಗೆ ಹಾಕುವ ಗೊಬ್ಬರ ಹತ್ತಿರದ ನೀರಿನಿಂದ ಎತ್ತಿದ ಪಾಚಿ. ಪುದೀನ, ತುಳಸಿಯ ಜಾತಿಯ ಸೊಪ್ಪುಗಳ ವಾಸನೆ ರಸ್ತೆಯವರೆಗೆ ಬರುತ್ತದೆ. ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ 2024ರಲ್ಲಿ ಇದನ್ನು ಜಗತ್ತಿನ ಉತ್ತಮ ಪ್ರವಾಸಿ ಹಳ್ಳಿಗಳ ಪಟ್ಟಿಗೆ ಸೇರಿಸಿತು. ಪಾತಿ ತುಳಿಯಬೇಡ, ಫೋಟೊ ತೆಗೆಯುವ ಮೊದಲು ಕೇಳು. ಅದು ಅವರ ಹೊಲ.

ಸಂಜೆಯ ನೂಕುನುಗ್ಗಲನ್ನಷ್ಟೇ ಕಂಡವರು ಈ ಊರನ್ನು ಜಾತ್ರೆ ಎಂದುಕೊಂಡು ವಾಪಸಾಗುತ್ತಾರೆ. ಮೂರು ರಾತ್ರಿ ಇರು ಎಂದು ದೊಡ್ಡಮ್ಮ ಹಟ ಮಾಡುವುದು ಬೆಳಗಿನ ಹೊತ್ತಿಗಾಗಿ. ಎಂಟು ಗಂಟೆಗೆ ಮೊದಲು ಹಳದಿ ಗೋಡೆಗಳ ಬೀದಿಯಲ್ಲಿ ಅಜ್ಜಂದಿರು ಕಾಫಿ ಕುಡಿಯುತ್ತಿರುತ್ತಾರೆ, ಮಕ್ಕಳು ಶಾಲೆಗೆ ಹೋಗುತ್ತಿರುತ್ತಾರೆ, ಬಾಗಿಲ ಮುಂದೆ ಕಸ ಗುಡಿಸುತ್ತಿರುತ್ತಾರೆ.

ಮೂರು ದಿನ ಬೇಕಾಗುವುದು ದರ್ಜಿಗಳಿಗೂ. ಒಂದೇ ದಿನದಲ್ಲಿ ಹೊಲಿದು ಕೊಡುತ್ತೇವೆ ಎಂದು ಬೀದಿಯುದ್ದಕ್ಕೂ ಕರೆಯುತ್ತಾರೆ, ಕೊಡುತ್ತಾರೆ ಕೂಡ. ಹಾಗೆ ರಾತ್ರೋರಾತ್ರಿ ಹೊಲಿಸಿದ ದೊಡ್ಡಮ್ಮನ ಜಾಕೆಟ್ಟಿನ ಭುಜದ ಹೊಲಿಗೆ ಬೆಂಗಳೂರಿನಲ್ಲಿ ಎರಡನೆಯ ಸಲ ತೊಟ್ಟಾಗಲೇ ಬಿಟ್ಟಿತು. ಮೊದಲ ದಿನ ಅಳತೆ, ಎರಡನೆಯ ದಿನ ತೊಟ್ಟು ನೋಡುವುದು, ಮೂರನೆಯ ದಿನ ತಿದ್ದಿಸುವುದು. ಸರಿಯಾಗಿ ಕೂರುವ ನಿನ್ನದೇ ಒಂದು ಬಟ್ಟೆ ಮಾದರಿಗೆ ಒಯ್ಯಿ. ರೇಷ್ಮೆ ಎಂದರೆ ಒಂದು ಎಳೆ ಕೇಳಿ ಪಡೆದು ಸುಟ್ಟು ನೋಡು. ಕೂದಲು ಸುಟ್ಟ ವಾಸನೆ ಬಂದು ಬೂದಿಯಾದರೆ ರೇಷ್ಮೆ, ಕರಗಿ ಗುಂಡಾದರೆ ಪಾಲಿಯೆಸ್ಟರ್. ಹೋಟೆಲಿನವರೋ ಗೈಡೋ ಕರೆದೊಯ್ಯುವ ಅಂಗಡಿಯಲ್ಲಿ ಅವರ ಕಮಿಷನ್ನೂ ಬೆಲೆಯೊಳಗೆ ಸೇರಿರುತ್ತದೆ.

ಒಂದು ಬೆಳಗ್ಗೆ ಮೀ ಸನ್‌ಗೆ ಮೀಸಲಿಡು, ಸುಮಾರು 40 ಕಿಲೋಮೀಟರ್. ಬೆಟ್ಟಗಳ ನಡುವೆ ಚಂಪಾ ದೊರೆಗಳು ಕಟ್ಟಿಸಿದ ಇಟ್ಟಿಗೆಯ ಶಿವಾಲಯಗಳು ಅಲ್ಲಿವೆ. ನಾಲ್ಕನೆಯ ಶತಮಾನದ ಭದ್ರವರ್ಮ ತನ್ನ ಹೆಸರಿನಲ್ಲೇ ಭದ್ರೇಶ್ವರ ಲಿಂಗವನ್ನು ಸ್ಥಾಪಿಸಿದ, ಅಲ್ಲಿನ ಶಾಸನಗಳಲ್ಲಿ ಸಂಸ್ಕೃತವಿದೆ. 1969ರಲ್ಲಿ ಅಮೆರಿಕದ ಬಾಂಬುಗಳಿಗೆ ಅತಿ ದೊಡ್ಡ ಗೋಪುರ ಉರುಳಿತು, ಬಾಂಬು ಬಿದ್ದ ಗುಂಡಿಗಳು ಇಂದಿಗೂ ಹುಲ್ಲಿನ ನಡುವೆ ಕಾಣುತ್ತವೆ. ಕೆಲವು ಗುಡಿಗಳನ್ನು ಮತ್ತೆ ನಿಲ್ಲಿಸಿದವರು ನಮ್ಮ ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯವರು. 2020ರಲ್ಲಿ ಆ ಕೆಲಸದ ನಡುವೆಯೇ ಒಂಬತ್ತನೆಯ ಶತಮಾನದ ಒಂದೇ ಕಲ್ಲಿನ ಶಿವಲಿಂಗ ಸಿಕ್ಕಿತು. ಬಿಸಿಲೇರುವ ಮೊದಲು ಹೋಗಿ ಬಾ, ಕುಡಿಯುವ ನೀರು ಜೊತೆಗಿರಲಿ. ನಲ್ಲಿ ನೀರು ಎಲ್ಲಿಯೂ ಬೇಡ.

ಹಳೆಯ ಪೇಟೆಯ ಹತ್ತಿರದ ಕಾಮ್ ಥಾನ್‌ನ ತೆಂಗಿನ ಜಾತಿಯ ಗಿಡಗಳ ನಡುವೆ ಬಿದಿರು ಬುಟ್ಟಿಯ ದೋಣಿ ಹತ್ತಿಸುತ್ತಾರೆ. ಹಂಪಿಯ ಹರಿಗೋಲಿನ ಸೋದರಿ ಅದು. ನೀರು ಒಸರದಂತೆ ಬಿದಿರಿಗೆ ಸೆಗಣಿ ಮತ್ತು ಮರದ ಅಂಟೆಣ್ಣೆ ಬಳಿಯುತ್ತಿದ್ದರು. ದೊಡ್ಡ ಸ್ಪೀಕರ್ ಹಾಕಿ ಗಿರಗಿರ ತಿರುಗಿಸುವ ಹೊತ್ತು ಬಿಟ್ಟು, ಬೆಳಗ್ಗೆಯೇ ಹೋಗಿ ಸುಮ್ಮನೆ ತೇಲು.

ಬರುವಾಗ ದೊಡ್ಡಮ್ಮನಿಗೆ ಲಾಟೀನು ಬೇಡ. ಫಿನ್ ಎಂಬ ಪುಟ್ಟ ಕಾಫಿ ಫಿಲ್ಟರ್ ಒಂದನ್ನು ತಂದುಕೊಡು, ಮಾರುಕಟ್ಟೆಯಲ್ಲಿ ಸ್ಟೀಲಿನದೋ ಅಲ್ಯೂಮಿನಿಯಮ್ಮಿನದೋ ಸಿಗುತ್ತದೆ. ನಮ್ಮ ಫಿಲ್ಟರಿನ ಹಾಗೆ ಡಿಕಾಕ್ಷನ್ ಕೂಡಿಡುವುದಿಲ್ಲ, ಲೋಟದ ಮೇಲೆಯೇ ಕೂರಿಸಿ ಹನಿಹನಿಯಾಗಿ ಇಳಿಸುತ್ತಾರೆ, ಕೆಳಗೆ ಮಂದ ಸಿಹಿಹಾಲು. ಅವರದೂ ಹೆಚ್ಚಾಗಿ ರೊಬಸ್ಟಾ. ಕೊಡಗಿನ ರೊಬಸ್ಟಾ ಪುಡಿಯನ್ನು ಅದರಲ್ಲಿ ಹಾಕಿ ನೋಡಬೇಕೆಂದು ಬಹಳ ದಿನದ ಆಸೆ. ದವನದ ಹುಣ್ಣಿಮೆಗೆ ಟಿಕೆಟ್ ಸಿಕ್ಕಿತೇ ಎಂದು ಭಾನುವಾರ ಫೋನ್ ಮಾಡು.

ಇಂತಿ,
ನಿನ್ನ ದೊಡ್ಡಮ್ಮ