ಎರಡು ಬಟ್ಟಲಿಟ್ಟರೆ ಪ್ರಯೋಗ

ಪುಟ್ಟ ಮಕ್ಕಳಿಗೆ ವಿಜ್ಞಾನ ಎಂದೊಡನೆ ನಮ್ಮವರಿಗೆ ಮೊದಲು ನೆನಪಾಗುವುದು ಜ್ವಾಲಾಮುಖಿ. ಮಣ್ಣಿನ ಗುಡ್ಡ, ಅದರೊಳಗೆ ಅಡುಗೆ ಸೋಡಾ, ಮೇಲಿಂದ ನಿಂಬೆರಸ, ಬುಸ್ಸೆಂದು ನೊರೆ, ಜೋರು ಚಪ್ಪಾಳೆ. ಅಲ್ಲಿಗೆ ಮುಗಿಯಿತು. ಯಾವ ಮಗುವೂ ಏನನ್ನೂ ಕೇಳುವುದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಅಂಗನವಾಡಿ, ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳ ಜೊತೆ ಕೂತು ಅಡುಗೆಮನೆಯ ಸಾಮಾನಿನಲ್ಲೇ ಪ್ರಯೋಗ ಮಾಡುತ್ತ ಬಂದ ಮೇಲೆ ನನಗೆ ಖಾತ್ರಿಯಾದದ್ದು ಒಂದೇ: ಪಕ್ಕದಲ್ಲಿ ಇನ್ನೊಂದು ಬಟ್ಟಲು ಇಲ್ಲದಿದ್ದರೆ ಅದು ಪ್ರಯೋಗವಲ್ಲ, ಜಾದೂ.

1. ಅರಿಶಿನದಿಂದ ಶುರು ಮಾಡಿ, ಆದರೆ ಓಕುಳಿಗೇ ನಿಲ್ಲಿಸಬೇಡಿ.

ಅರಿಶಿನದ ನೀರಿಗೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ ಎಂಬುದು ಆರತಿ ತಟ್ಟೆ ನೋಡಿದ ಯಾವ ಮಗುವಿಗೂ ಹೊಸದಲ್ಲ. ಹೊಸತು ಶುರುವಾಗುವುದು ಆಮೇಲೆ. ನಾಲ್ಕು ಬಟ್ಟಲಲ್ಲಿ ಒಂದೇ ಅಳತೆಯ ಅರಿಶಿನದ ನೀರಿಡಿ. ಒಂದನ್ನು ಮುಟ್ಟಬೇಡಿ. ಉಳಿದವಕ್ಕೆ ಒಂದೊಂದರಂತೆ ಸುಣ್ಣದ ತಿಳಿ, ಸೋಪಿನ ನೀರು, ಸೌದೆ ಒಲೆಯ ಬೂದಿ ಕದಡಿ ಸೋಸಿದ ನೀರು ಹಾಕಿ. ಮೂರೂ ಕೆಂಪಿಗೆ ತಿರುಗುತ್ತವೆ, ಒಂದು ಗಾಢ, ಒಂದು ಮಂಕು. “ಸುಣ್ಣ ಬಣ್ಣ ಕೊಡ್ತು” ಎಂದು ಅಲ್ಲಿಯವರೆಗೆ ಹೇಳುತ್ತಿದ್ದ ಮಗು ಸುಮ್ಮನಾಗುತ್ತದೆ. ಬೂದಿಯಲ್ಲಿ ಕೆಂಪೆಲ್ಲಿತ್ತು? ಈಗ ಕೆಂಪು ನೀರಿಗೆ ನಿಂಬೆರಸ ಹಿಂಡಿ. ಹಳದಿ ವಾಪಸು! ಸಾರು ಚೆಲ್ಲಿದ ಅಂಗಿಗೆ ಸೋಪು ಹಚ್ಚಿದಾಗ ಅಮ್ಮ ಬೈದುಕೊಂಡ ಕೆಂಪು ಕಲೆ ಯಾವುದು ಎಂದು ಆಗ ಯಾರಾದರೊಬ್ಬರು ತಾವಾಗಿಯೇ ಹೇಳುತ್ತಾರೆ. ಕ್ಷಾರ, ಆಮ್ಲ ಎಂಬ ಪದಗಳು ಆರನೇ ತರಗತಿಗೋ ಏಳನೆಯದಕ್ಕೋ ಬರಲಿ. ಐದು ವರ್ಷದವರಿಗೆ “ಸುಣ್ಣದ ಕಡೆಯವು, ನಿಂಬೆಯ ಕಡೆಯವು” ಎಂದರೆ ಸಾಕು. ಮಜ್ಜಿಗೆ, ಹುಣಸೆಹುಳಿ, ಟೊಮೆಟೊ ಎಲ್ಲವನ್ನೂ ಅವರೇ ನಿಂಬೆಯ ಕಡೆಗೆ ಸೇರಿಸಿಬಿಡುತ್ತಾರೆ.

ಸುಣ್ಣದ ಡಬ್ಬಿ ಮಾತ್ರ ದೊಡ್ಡವರ ಕೈಯಲ್ಲೇ ಇರಬೇಕು. ಕಣ್ಣಿಗೆ ಸಿಡಿದರೆ ಉಜ್ಜದೆ, ಹರಿಯುವ ನೀರಲ್ಲಿ ಕಾಲು ಗಂಟೆಯಾದರೂ ತೊಳೆದು ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

2. ಮೊದಲು ಊಹೆ, ಆಮೇಲೆ ಕೈ.

“ಏನಾಗಬಹುದು?” ಎಂದು ಕೇಳಿ, ಬಂದ ಉತ್ತರವನ್ನೆಲ್ಲ ಹಾಗೇ ಬೋರ್ಡಿನ ಮೇಲೆ ಚಿತ್ರ ಮಾಡಿ. ತಪ್ಪು ಊಹೆಗೆ ಮುಖ ಕಿವುಚಿದಿರೋ, ಮುಂದಿನ ವಾರದಿಂದ ಮಕ್ಕಳು ನಿಮ್ಮ ಮುಖ ನೋಡಿ ಉತ್ತರ ಹೇಳುತ್ತಾರೆ.

3. ಅಡುಗೆಯವರಿಗೆ ನಮಗಿಂತ ಹೆಚ್ಚು ಗೊತ್ತು.

ನಾನು ಮಾಡಿಸಿದವುಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಹುರಿಹಿಟ್ಟಿನ ಪ್ರಯೋಗ. ಇದಕ್ಕೆ ಬೇಕಾದ್ದು ರಾಗಿ, ಬಾಣಲೆ ಮತ್ತು ಹುರಿದು ಅಭ್ಯಾಸವಿರುವ ಒಬ್ಬ ಅಜ್ಜಿ ಅಥವಾ ಬಿಸಿಯೂಟದ ಅಡುಗೆಯವರು. ಹಿಂದಿನ ದಿನ ಒಂದು ಪಾವು ರಾಗಿಯನ್ನು ಎರಡು ಭಾಗ ಮಾಡಿ. ಒಂದಕ್ಕೆ ನೀರು ಚಿಮುಕಿಸಿ, ಕಲಸಿ, ಮುಚ್ಚಿಡಿ. ಬೆಳಿಗ್ಗೆ ನೆರಳಲ್ಲಿ ಮೇಲ್ಪಸೆ ಮಾತ್ರ ಆರಲಿ. ಇನ್ನೊಂದು ಡಬ್ಬಿಯಲ್ಲಿದ್ದ ಹಾಗೇ ಒಣಗಿರಲಿ. ಬಾಣಲೆ ಚೆನ್ನಾಗಿ ಕಾದ ಮೇಲೆ ಮೊದಲು ಒಣ ರಾಗಿ ಒಂದು ಹಿಡಿ. ಅದು ಕಪ್ಪಿಡುತ್ತದೆ, ಘಮ ಬರುತ್ತದೆ, ಅಲ್ಲೊಂದು ಇಲ್ಲೊಂದು ಸಿಡಿಯುತ್ತದೆ. ಆಮೇಲೆ ಪಸೆಯ ರಾಗಿ. ಒಂದೆರಡು ಕ್ಷಣ ಏನೂ ಇಲ್ಲ. ಆಮೇಲೆ ಚಿಟಚಿಟ ಶುರುವಾಗಿ ಕೆಂಪು ಕಾಳೆಲ್ಲ ಬಿಳಿ ಅರಳಾಗುತ್ತದೆ. ದೂರ ಗೆರೆ ಎಳೆದು ಕೂರಿಸಿದ ಮಕ್ಕಳು ಆ ಗೆರೆಯೊಳಗೇ ಎದ್ದು ಕುಣಿಯುತ್ತಾರೆ.

ನೀರು ಹಾಕಿದರೆ ಬೆಂಕಿ ಆರುತ್ತದೆ, ಹಾಗಿದ್ದರೆ ನೀರು ಹಾಕಿದ ರಾಗಿ ಯಾಕೆ ಜಾಸ್ತಿ ಸಿಡಿಯಿತು? ಇದು ಎಚ್.ಡಿ. ಕೋಟೆ ಕಡೆಯ ಒಂದು ಶಾಲೆಯಲ್ಲಿ ಎರಡನೇ ತರಗತಿಯ ಹುಡುಗಿ ಕೇಳಿದ ಪ್ರಶ್ನೆ. ನೀರು ಆವಿಯಾದರೆ ಸುಮಾರು 1,600 ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಗಟ್ಟಿ ಸಿಪ್ಪೆಯೊಳಗೆ ಸಿಕ್ಕಿಬಿದ್ದ ಆವಿ ಕಾಳನ್ನೇ ಒಡೆದು ಹೊರಬರುತ್ತದೆ. ಅಷ್ಟು ಹೇಳಿ, ಮುಚ್ಚಳ ಕುಣಿಸುವ ಅನ್ನದ ಪಾತ್ರೆಯನ್ನು ತೋರಿಸಿದರೆ ಅವರಿಗೆ ತಿಳಿಯಿತು. ಅರಳನ್ನು ಬೀಸಿ, ಬೆಲ್ಲ ಹಾಕಿ ತಿಂದದ್ದು ಬೇರೆ ಲಾಭ.

4. ನಿಮ್ಮೂರ ನೀರನ್ನೇ ಪಾಠ ಮಾಡಿ.

ಕೆ.ಆರ್. ನಗರದ ನಾಲೆ ಬಯಲಿನವರಿಗೆ ಕಾವೇರಿ ನೀರು, ಹುಣಸೂರಿನ ಮೇಲ್ಬಯಲಿನ ಎಷ್ಟೋ ಹಳ್ಳಿಗಳಿಗೆ ಬೋರ್‌ವೆಲ್. “ಬೋರ್ ನೀರಲ್ಲಿ ಬೇಳೆ ಬೇಯಲ್ಲ” ಎಂಬ ದೂರು ಕೇಳದ ಮನೆಯಿಲ್ಲ. ಎರಡು ಬಾಟಲಿಗಳಿಗೆ ಅರ್ಧರ್ಧ ನೀರು, ಒಂದರಲ್ಲಿ ಮಳೆನೀರು, ಇನ್ನೊಂದರಲ್ಲಿ ಬೋರ್ ನೀರು. ಎರಡಕ್ಕೂ ಅಷ್ಟಷ್ಟೇ ಬಾರ್ ಸೋಪಿನ ತುರಿ ಹಾಕಿ, ಇಪ್ಪತ್ತು ಎಣಿಸುವವರೆಗೆ ಕುಲುಕಿಸಿ. ಮಳೆನೀರಲ್ಲಿ ನೊರೆ ಕುತ್ತಿಗೆವರೆಗೆ ಏರುತ್ತದೆ; ಗಡಸು ನೀರಲ್ಲಿ ಮೇಲೊಂದು ಬಿಳಿ ಕೆನೆ ತೇಲುತ್ತದೆ ಅಷ್ಟೇ. ಬಟ್ಟೆ ತೊಳೆಯುವ ಪುಡಿ, ಶಾಂಪೂ ಬಳಸಬೇಡಿ, ಅವು ಗಡಸು ನೀರಲ್ಲೂ ನೊರೆ ಬರಿಸಿ ಆಟ ಕೆಡಿಸುತ್ತವೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳ ಕಥೆ ಹೇಳುವ ಬದಲು ನೀರು ಕಾಯಿಸುವ ಹಂಡೆಯ ತಳದ ಬಿಳಿ ಹಕ್ಕಳೆ ಕೆರೆದು ಕೈಗಿಟ್ಟರೆ ಸಾಕು.

5. ಕಾಲ ನೋಡಿ ಪ್ರಯೋಗ ಆರಿಸಿ.

ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ. ಡಿಸೆಂಬರಿನ ಬೆಳಿಗ್ಗೆ ಪಿರಿಯಾಪಟ್ಟಣದಲ್ಲಿ ಅದು ಪುಕ್ಕಟೆ ಸಿಗುವ ಪಾಠ. ಒಂದು ಬಾಟಲಿ ಮಗುವಿನ ಕಂಕುಳಲ್ಲಿ, ಒಂದು ಕಿಟಕಿಯಲ್ಲಿ, ಜೊತೆಗೆ ಕಡಲೆಕಾಯಿ ಎಣ್ಣೆಯದೊಂದು. ಮೊಸರಿನದೂ ಚಳಿಗಾಲದಲ್ಲೇ ಚೆಂದ: ಸುಡು ಹಾಲು, ಉಗುರುಬೆಚ್ಚನೆಯದು, ತಣ್ಣನೆಯದು, ಮೂರಕ್ಕೂ ಒಂದೊಂದು ಚಮಚ ಹೆಪ್ಪು.

ಜುಲೈ, ಆಗಸ್ಟಿನಿಂದಾಚೆ ಹೊಗೆಸೊಪ್ಪು ಬೇಯಿಸುವ ಕಾಲ. ಹಾಜರಿ ಇಳಿಯುತ್ತದೆ, ದೊಡ್ಡ ಪ್ರಯೋಗ ಇಟ್ಟುಕೊಳ್ಳಬೇಡಿ. ಆದರೆ ಸೊಪ್ಪು ಬೇಯಿಸುವ ಬ್ಯಾರನ್ ಇರುವ ಮನೆಯ ಮಕ್ಕಳಿಗೆ ಥರ್ಮಾಮೀಟರ್ ಎಂದರೇನೆಂದು ನಾವು ಹೇಳಿಕೊಡಬೇಕಿಲ್ಲ. ಎಲೆ ಹಳದಿಯಾಗುವಾಗ 95-100 ಡಿಗ್ರಿ ಫ್ಯಾರನ್‌ಹೀಟ್, ಕೊನೆಗೆ ದಂಟು ಒಣಗಲು 160ರ ಹತ್ತಿರ ಎಂಬುದು ಅವರ ಮನೆಮಾತು. ಅವರ ಕೈಗೆ ಥರ್ಮಾಮೀಟರ್ ಕೊಟ್ಟು ಹಾಲಿನ ಬಿಸಿ ಅಳೆಯಿಸಿ. ಸೊಪ್ಪನ್ನು ಮಾತ್ರ ಯಾವ ಕಾರಣಕ್ಕೂ ತರಗತಿಗೆ ತರಿಸಬಾರದು. ಹಸಿ ಎಲೆಯ ನಿಕೋಟಿನ್ ಚರ್ಮದಿಂದಲೇ ಒಳಗಿಳಿದು ತಲೆಸುತ್ತು, ವಾಂತಿ ತರುತ್ತದೆ.

6. ವಯಸ್ಸು ಬೆರೆಸಿ.

1995ರಲ್ಲಿ ಇದೇ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿಬಂದು, ಯೂನಿಸೆಫ್ ನೆರವಿನಲ್ಲಿ ನಲಿ-ಕಲಿ ಶುರುಮಾಡಿದರು. ಅದು ಆಮೇಲೆ ರಾಜ್ಯಕ್ಕೆಲ್ಲ ಹರಡಿತು. ಬೇರೆ ಬೇರೆ ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಗುಂಪಾಗಿ ಕೂರಿಸುವ ಆ ಪದ್ಧತಿ ಅಡುಗೆ ಪ್ರಯೋಗಕ್ಕೆ ಹೇಳಿಮಾಡಿಸಿದಂತಿದೆ. ಮೂರನೆಯವಳು ಚಮಚದಲ್ಲಿ ಅಳೆಯುತ್ತಾಳೆ, ಒಂದನೆಯವನು ಮೂಸಿ ನೋಡಿ ವರದಿ ಕೊಡುತ್ತಾನೆ.

7. ಅನ್ನ ಚೆಲ್ಲಬೇಡಿ.

ನಿಂಬೆಹಣ್ಣು ಒಂದೇ ಸಾಕು, ಮೊಟ್ಟೆ ಬೇಡವೇ ಬೇಡ. ಪಕ್ಕದಲ್ಲಿ ಹಸಿದ ಮಗು ಕೂತಿರುವಾಗ ಹಾಲು ಚೆಲ್ಲಿ ಬಣ್ಣ ತೇಲಿಸುವುದು ನನಗೆ ಸರಿಬರುವುದಿಲ್ಲ.

8. ನಂಬಿಕೊಂಡಿದ್ದನ್ನೂ ಪಕ್ಕದ ಬಟ್ಟಲಿಗೆ ಹಾಕಿ ನೋಡಿ.

ನೀರಿಗೆ ಬಿಟ್ಟ ಜೇನಿನ ಹನಿ ಕರಗದೆ ತಳ ಸೇರಿದರೆ ಅಸಲಿ ಎಂದು ಊರೆಲ್ಲ ನಂಬಿದೆ. ಒಂದು ಲೋಟಕ್ಕೆ ಜೇನು, ಪಕ್ಕದ ಲೋಟಕ್ಕೆ ಗಟ್ಟಿ ಬೆಲ್ಲದ ಪಾಕ ಬಿಡಿಸಿ. ಎರಡೂ ಒಂದೇ ಥರ ತಳಕ್ಕಿಳಿಯುತ್ತವೆ. ಎಚ್.ಡಿ. ಕೋಟೆ ಕಡೆಯ ಆದಿವಾಸಿ ಹಾಡಿಯ ಮಕ್ಕಳೊಡನೆ ಇದನ್ನು ಮಾಡಿದಾಗ ಅವರಿಗೇನೂ ಆಶ್ಚರ್ಯವಾಗಲಿಲ್ಲ. ನೆಸರಿ ಜೇನು ನೀರುನೀರು, ಹೆಜ್ಜೇನು ಬೇರೆ, ತುಡುವೆ ಬೇರೆ, ಒಂದೇ ಥರ ಯಾಕೆ ಮುಳುಗಬೇಕು ಎಂದು ಅವರು ತಿರುಗಿ ನನ್ನನ್ನೇ ಕೇಳಿದರು. ಮುಂದಿನ ವಾರ ಮೂರು ಬಗೆಯ ಜೇನು ತಂದು, ಓರೆಯಾಗಿಟ್ಟ ತಟ್ಟೆಯ ಮೇಲೆ ಒಂದೊಂದು ಹನಿ ಬಿಟ್ಟು ಯಾವುದು ಮೊದಲು ಕೆಳಗೆ ಬರುತ್ತದೆ ಎಂದು ಓಡಿಸಿದವರೂ ಅವರೇ. ತಟ್ಟೆ ನೆಕ್ಕುವ ಸರದಿಗೆ ಮಾತ್ರ ಸ್ವಲ್ಪ ಜಗಳವಾಯಿತು.