ಪಾಠ 11: ಪ್ರವಾಸದ ಪಟ್ಟಿ

ನಮ್ಮ ತರಗತಿಯಲ್ಲಿ ಈಗ ಎಲ್ಲರೂ ತಮ್ಮ ಹೆಸರು ಬರೆಯುತ್ತಾರೆ. ಬಸ್ಸಿನ ಬೋರ್ಡು ಓದುತ್ತಾರೆ. ನೂರರವರೆಗೆ ಲೆಕ್ಕ ಸಲೀಸು. ಸಾವಿರ ಅಂದರೆ ಮಾತ್ರ ಇನ್ನೂ ಸ್ವಲ್ಪ ತಡವರಿಸುತ್ತೇವೆ. ಹೀಗಿರುವಾಗ ಒಂದು ಸಂಜೆ ಒಬ್ಬ ತಾಯಿ ಬಂದು ಹೇಳಿದರು: “ನನ್ನ ಮಗ ವಂಡರ್‌ಲಾ ವಂಡರ್‌ಲಾ ಅಂತ ಜೀವ ತಿಂತಾನೆ. ಅದು ಎಲ್ಲಿದೆ? ಎಷ್ಟಾಗುತ್ತೆ? ನಮ್ಮಂಥವರು ಹೋಗಬಹುದಾ?”

ಅವತ್ತಿನ ಪಾಠ ಅಲ್ಲಿಗೇ ನಿಂತಿತು. ಸ್ಲೇಟು ಪಕ್ಕಕ್ಕಿಟ್ಟು ಈ ಪಾಠ ಶುರು ಮಾಡಿದೆವು.

ನಮ್ಮದು ಮದ್ದೂರಿನ ಕಡೆಯ ಹಳ್ಳಿ. ಮದ್ದೂರಿನಿಂದ ಬೆಂಗಳೂರಿಗೆ ಹಳೆಯ ರಸ್ತೆಯಲ್ಲಿ ಹೋದರೆ ಮೊದಲು ಚನ್ನಪಟ್ಟಣ ಸಿಗುತ್ತದೆ. ಅದು ದಾಟಿದ ಮೇಲೆ ಜಾನಪದ ಲೋಕ. ಆಮೇಲೆ ರಾಮನಗರ. ಆಮೇಲೆ ಬಿಡದಿ, ಅಂದರೆ ತಟ್ಟೆ ಇಡ್ಲಿಯ ಊರು. ಬಿಡದಿ ದಾಟಿ ಸ್ವಲ್ಪ ದೂರ ಹೋದರೆ ವಂಡರ್‌ಲಾ ಕಡೆಗೆ ತಿರುಗುವ ದಾರಿ. ಅದು 2005ರಲ್ಲಿ ಶುರುವಾದ ಆಟದ ಪಾರ್ಕು. ಬೆಂಗಳೂರಿನಿಂದ ಸುಮಾರು 28 ಕಿಲೋಮೀಟರು. ಮುಖ್ಯ ರಸ್ತೆಯಲ್ಲಿ ಇಳಿದು ಒಳಗೆ ಹೋಗಬೇಕು. ಆಟೋ ಹತ್ತುವ ಮೊದಲೇ ದುಡ್ಡು ಎಷ್ಟು ಎಂದು ಕೇಳಿಕೊಳ್ಳಿ.

ಅಲ್ಲಿ ಏನಿದೆ? ನಮ್ಮ ಜಾತ್ರೆಯ ತೊಟ್ಟಿಲು ನೆನಪು ಮಾಡಿಕೊಳ್ಳಿ. ಅಂಥದ್ದೇ, ಆದರೆ ಬಹಳ ದೊಡ್ಡದು. ಮೇಲೆ ಕೆಳಗೆ ಓಡುವ ರೈಲಿನಂಥ ಗಾಡಿ ಇದೆ. ನೀರಿನ ಜಾರುಬಂಡೆ ಇದೆ. ಸಮುದ್ರದ ಹಾಗೆ ಅಲೆ ಏಳುವ ಕೊಳ ಇದೆ. “ಆ ಗಾಡಿ ಅಷ್ಟು ಜೋರಾಗಿ ಓಡುತ್ತಲ್ಲ, ಡ್ರೈವರ್ ಎಲ್ಲಿರ್ತಾನೆ?” ಎಂದು ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಡ್ರೈವರ್ ಇಲ್ಲ. ಇಂಥ ಬಹಳಷ್ಟು ಗಾಡಿಗಳಲ್ಲಿ ಇಂಜಿನ್ನೂ ಇಲ್ಲ. ಬಾವಿಯಿಂದ ಕೊಡ ಎಳೆದ ಹಾಗೆ ಸರಪಳಿ ಗಾಡಿಯನ್ನು ಮೇಲಕ್ಕೆ ಎಳೆಯುತ್ತದೆ. ತುದಿಯಲ್ಲಿ ಬಿಟ್ಟುಬಿಡುತ್ತದೆ. ಅಲ್ಲಿಂದ ಗಾಡಿ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಇಳಿದ ರಭಸದಲ್ಲೇ ಮುಂದಿನ ದಿಬ್ಬ ಹತ್ತುತ್ತದೆ. ಇಳಿಜಾರಿನಲ್ಲಿ ಎತ್ತಿನ ಗಾಡಿ ಓಡುವುದೂ ಹೀಗೇ ಅಲ್ಲವೆ?

ಬಸುರಿಯರು, ಹೃದಯದ ಕಾಯಿಲೆ ಇದ್ದವರು ಇಂಥ ದೊಡ್ಡ ಆಟ ಹತ್ತಬಾರದು. ಪ್ರತಿ ಆಟದ ಮುಂದೆ ಒಂದು ಬೋರ್ಡು ಇರುತ್ತದೆ. ಯಾರು ಹತ್ತಬಹುದು, ಯಾರು ಹತ್ತಬಾರದು, ಮಗು ಎಷ್ಟು ಎತ್ತರ ಇರಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಕ್ಯೂನಲ್ಲಿ ನಿಲ್ಲುವ ಮೊದಲು ಅದನ್ನು ಓದಬೇಕು. ಒಂದು ಗಂಟೆ ನಿಂತ ಮೇಲೆ ಮಗುವನ್ನು ಹಿಂದಕ್ಕೆ ಕಳಿಸಿದರೆ ಅದು ಅಳದೆ ಇರುತ್ತದೆಯೆ?

ಮಕ್ಕಳ ಟಿಕೆಟ್ಟೂ ಎತ್ತರ ನೋಡಿಯೇ. ವಯಸ್ಸು ಕೇಳುವುದಿಲ್ಲ. ಹಾಗಾಗಿ ಮನೆಯಲ್ಲೇ ಮಗುವನ್ನು ಗೋಡೆಗೆ ನಿಲ್ಲಿಸಿ, ಗುರುತು ಹಾಕಿ, ಟೇಪಿನಲ್ಲಿ ಅಳೆಯಿರಿ. ಪುಸ್ತಕದಲ್ಲಿ ಬರೆದುಕೊಳ್ಳಿ. ಟಿಕೆಟ್ಟಿನ ದರ ವಾರದ ದಿನ ಒಂದು, ಶನಿವಾರ ಭಾನುವಾರ ಒಂದು ಇರುತ್ತದೆ. ಹೊರಡುವ ವಾರದಲ್ಲಿ ಫೋನು ಮಾಡಿ ಕೇಳಿ. ಹೊರಗಿನ ಊಟ ಒಳಗೆ ಬಿಡುವುದಿಲ್ಲ. ಬುತ್ತಿ ಕಟ್ಟಿಕೊಂಡು ಹೋಗಿ ಬಾಗಿಲಲ್ಲಿ ಬೇಜಾರು ಮಾಡಿಕೊಳ್ಳಬೇಡಿ.

ಇನ್ನು ಬಟ್ಟೆಯ ವಿಷಯ. ಇದಕ್ಕೆ ನಮ್ಮಲ್ಲಿ ದೊಡ್ಡ ಚರ್ಚೆಯೇ ಆಯಿತು. ನೀರಿನ ಆಟಕ್ಕೆ ಸೀರೆ ಉಟ್ಟು ಇಳಿಯಲು ಬಿಡುವುದಿಲ್ಲ. ಹತ್ತಿ ಬಟ್ಟೆಯೂ ಆಗದು. ನೈಲಾನ್ ಬಟ್ಟೆಯೇ ಬೇಕು. ಸೀರೆ ಕಾಲಿಗೆ ಸುತ್ತಿಕೊಂಡರೆ ನೀರಿನಲ್ಲಿ ಅಪಾಯ. ಹತ್ತಿಯ ನೂಲಿನ ಎಳೆ ನೀರು ಸೋಸುವ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. “ಹಂಗಾದ್ರೆ ನಾವು ದಡದಲ್ಲೇ” ಎಂದು ಮೂರು ನಾಲ್ಕು ಜನ ಒಟ್ಟಿಗೆ ಹೇಳಿದರು. ಯಾಕೆ ದಡದಲ್ಲಿ? ಪೂರ್ತಿ ಕೈ, ಪೂರ್ತಿ ಕಾಲು ಮುಚ್ಚುವ ನೈಲಾನ್ ಬಟ್ಟೆಯೂ ಉಂಟು. ಮನೆಯಲ್ಲಿ ಬೆಳೆದ ಮಗಳಿದ್ದರೆ ಅವಳ ಹತ್ತಿರವೇ ಇರಬಹುದು, ಕೇಳಿ ನೋಡಿ. ನೀರಿಗೆ ಇಳಿಯಲು ಮನಸ್ಸಿಲ್ಲದಿದ್ದರೆ ನೆಲದ ಮೇಲಿನ ಆಟಗಳೂ ಬೇಕಾದಷ್ಟಿವೆ. ಮನಸ್ಸಿಲ್ಲದೆ ಬಿಡುವುದು ಬೇರೆ, ಬಟ್ಟೆ ಇಲ್ಲದೆ ಬಿಡುವುದು ಬೇರೆ.

ಈಗ ಲೆಕ್ಕಕ್ಕೆ ಬರೋಣ. ಆ ತಾಯಿಗೆ “ಯಾರು ಯಾರು ಹೋಗುತ್ತೀರಿ, ಪಟ್ಟಿ ಬರೆಯಿರಿ” ಎಂದೆವು. ಅವರು ಚೆನ್ನಾಗಿಯೇ ಬರೆದರು. ಯಜಮಾನರು, ಮಗ, ಮಗಳು. ಅತ್ತೆಯ ಹೆಸರು ಬರೆದು ಅಳಿಸಿದ್ದರು. ತಮ್ಮ ಹೆಸರು ಬರೆದೇ ಇರಲಿಲ್ಲ.

“ನಿಮ್ಮ ಹೆಸರೆಲ್ಲಿ?” ಎಂದು ಕೇಳಿದೆವು.

“ನನಗ್ಯಾಕೆ ಟಿಕೆಟ್ಟು? ನಾನು ಆಚೆ ಕೂತ್ಕೊಂಡು ಚೀಲ ಕಾಯ್ತೀನಿ” ಎಂದರು.

ಯಾರೂ ನಗಲಿಲ್ಲ. ನಮ್ಮಲ್ಲಿ ಬಹಳ ಜನ ಹೀಗೆ ಚೀಲ ಕಾದವರೇ. ಜಾತ್ರೆಯಲ್ಲಿ ಕಾದಿದ್ದೇವೆ, ಸಿನಿಮಾ ಟೆಂಟಿನ ಹೊರಗೂ ಕಾದಿದ್ದೇವೆ.

ಸರಿ, ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಎಂದು ಲೆಕ್ಕ ಹಾಕೋಣ. ಇವು ಅಭ್ಯಾಸಕ್ಕಾಗಿ ನಾವೇ ಇಟ್ಟುಕೊಂಡ ಅಂಕಿಗಳು. ನಿಜವಾದ ದರ ಕೇಳಿ ತಿಳಿದ ಮೇಲೆ ನೀವು ಬದಲಾಯಿಸಿಕೊಳ್ಳಬೇಕು. ದೊಡ್ಡವರಿಗೆ ತಲಾ 1,200 ರೂಪಾಯಿ. ಇಬ್ಬರಿಗೆ 2,400. ಮಕ್ಕಳಿಗೆ ತಲಾ 1,000. ಇಬ್ಬರಿಗೆ 2,000. ಊಟ ತಿಂಡಿಗೆ ಒಬ್ಬರಿಗೆ 250ರಂತೆ ನಾಲ್ವರಿಗೆ 1,000. ಬಟ್ಟೆ ಬಾಡಿಗೆಗೆ ಒಬ್ಬರಿಗೆ 100ರಂತೆ 400. ಬಸ್ಸು, ಆಟೋಗೆ 200. ಎಲ್ಲ ಕೂಡಿಸಿ. 6,000 ರೂಪಾಯಿ ಆಯಿತು.

“ಅಯ್ಯಪ್ಪಾ!” ಎಂದರು ಎಲ್ಲರೂ. ದೊಡ್ಡ ಮೊತ್ತವೇ. ಸಾಲ ಮಾಡಿ ಹೋಗುವ ಜಾಗ ಇದಲ್ಲ. ಇದನ್ನು ನಾವು ಗಟ್ಟಿಯಾಗಿ ಹೇಳುತ್ತೇವೆ. ಆದರೆ ಸಂಘದಲ್ಲಿ ವಾರವಾರ ಉಳಿತಾಯ ಮಾಡುತ್ತೇವಲ್ಲ, ಹಾಗೆ ವಾರಕ್ಕೆ 150 ರೂಪಾಯಿ ಬೇರೆ ತೆಗೆದಿಟ್ಟರೆ? 40 ವಾರ. ಯುಗಾದಿಗೆ ಶುರು ಮಾಡಿದರೆ ಸಂಕ್ರಾಂತಿಯ ಹೊತ್ತಿಗೆ ಆಗುತ್ತದೆ.

ತಾಯಿಯ ಪಾಲು ಎಷ್ಟು? ಟಿಕೆಟ್ಟು 1,200, ಊಟ 250, ಬಟ್ಟೆ 100. ಒಟ್ಟು 1,550. ಅಂದರೆ ಹತ್ತು ವಾರಕ್ಕಿಂತ ಸ್ವಲ್ಪ ಹೆಚ್ಚಿನ ಉಳಿತಾಯ. ಆ ತಾಯಿ ಈ ಲೆಕ್ಕವನ್ನು ಎರಡು ಸಲ ಮಾಡಿದರು. ಆಮೇಲೆ ಕೇಳಿದರು: “ಹತ್ತು ವಾರ ತಡವಾಗಿ ಹೋದ್ರೆ ಆಟ ಎಲ್ಲಿಗೂ ಓಡಿಹೋಗಲ್ಲ ಅಲ್ವಾ?”

ಅತ್ತೆಯ ಹೆಸರು ಯಾಕೆ ಅಳಿಸಿದಿರಿ ಎಂದೂ ಕೇಳಿದೆವು. ಅವರಿಗೆ ಮಂಡಿ ನೋವು, ಆಟ ಆಡುವುದಿಲ್ಲ. ಆದರೆ ಮನೆಯಲ್ಲಿ ಒಬ್ಬರೇ ಉಳಿದರೆ ಮನಸ್ಸಿಗೆ ಬೇಜಾರು. ಅವರಿಗೆ ಬೇರೆ ದಾರಿ ಇದೆ. ಪಾರ್ಕಿಗೆ ಒಂದು ಇಡೀ ದಿನ ಬೇಕು. ಅದೇ ದಿನ ಚನ್ನಪಟ್ಟಣ, ಜಾನಪದ ಲೋಕ, ರಾಮನಗರದ ಬೆಟ್ಟ ಎಲ್ಲ ನೋಡಿಬಿಡ್ತೀವಿ ಅನ್ನೋದು ಆಗದ ಮಾತು. ಎರಡು ಪ್ರವಾಸ ಮಾಡಿ. ಒಂದು ಅಗ್ಗದ್ದು, ಮೊದಲು. ಅದಕ್ಕೆ ಅತ್ತೆಯನ್ನೂ ಕರೆದುಕೊಂಡು ಹೋಗಿ. ಇನ್ನೊಂದು, ದುಡ್ಡು ಕೂಡಿದ ಮೇಲೆ.

ಎರಡು ಸಲ ಬಸ್ಸಿಗೆ ದುಡ್ಡು ಎಲ್ಲಿಂದ? 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಿತು. ಕರ್ನಾಟಕದ ಹೆಂಗಸರಿಗೆ, ಹೆಣ್ಣು ಮಕ್ಕಳಿಗೆ ರಾಜ್ಯದೊಳಗೆ ಸರ್ಕಾರದ ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಆಧಾರ್ ಕಾರ್ಡು ತೋರಿಸಬೇಕು. ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ಟು ಕೊಡುತ್ತಾರೆ. ಅದನ್ನು ಇಸಿದುಕೊಳ್ಳಿ, ಎಸೆಯಬೇಡಿ. ರಾಜಹಂಸ, ಐರಾವತದಂಥ ಬಸ್ಸಿಗೆ ಇದು ನಡೆಯುವುದಿಲ್ಲ. ಗಂಡಸರಿಗೆ ಟಿಕೆಟ್ಟು ಇದ್ದೇ ಇದೆ.

ಬಸ್ಸಿನ ಬೋರ್ಡು ಓದಲು ಬರುತ್ತದೆ ಎಂದು ಮೇಲೆ ಹೇಳಿದೆವು. ಅದರಲ್ಲೂ ನಾವು ಒಮ್ಮೆ ಮೋಸ ಹೋಗಿದ್ದೇವೆ. 2023ರ ಮಾರ್ಚ್ 12ರಂದು ಬೆಂಗಳೂರು ಮೈಸೂರು ನಡುವಿನ ಹೊಸ ದೊಡ್ಡ ರಸ್ತೆಯ ಉದ್ಘಾಟನೆ ಆಯಿತು. ಆ ರಸ್ತೆ ಊರೊಳಗೆ ಬರುವುದಿಲ್ಲ, ಹೊರಗಿನಿಂದಲೇ ಹೋಗುತ್ತದೆ. ಅದಾದ ಮೇಲೆ ಒಂದು ಸಲ ನಾವು ಹನ್ನೊಂದು ಜನ ಚನ್ನಪಟ್ಟಣಕ್ಕೆ ಹೊರಟೆವು. ‘ಬೆಂಗಳೂರು’ ಎಂದು ಓದಿ ಖುಷಿಯಾಗಿ ಬಸ್ಸು ಹತ್ತಿದೆವು. ಗಾಜಿನ ಮೂಲೆಯಲ್ಲಿ ‘ಬೈಪಾಸ್’ ಎಂದು ಇನ್ನೊಂದು ಚಿಕ್ಕ ಬೋರ್ಡು ಇತ್ತು. ದೊಡ್ಡ ಅಕ್ಷರ ಓದಿದೆವು, ಚಿಕ್ಕ ಅಕ್ಷರ ಬಿಟ್ಟೆವು. ಬಸ್ಸು ಎಲ್ಲೂ ನಿಲ್ಲಲಿಲ್ಲ. ಕೆಂಗೇರಿಯಲ್ಲಿ ಇಳಿದು ವಾಪಸ್ಸು ಬಂದೆವು. ಅರ್ಧ ದಿನ ಹೋಯಿತು. ಪಾಠ ಕಲಿಸುವ ನಾವೂ ಜೊತೆಯಲ್ಲೇ ಇದ್ದೆವು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು! ಈಗ ‘ಬೈಪಾಸ್’ ಎಂಬ ಪದವನ್ನು ಹತ್ತು ಸಲ ಬರೆಯಿರಿ. ಹತ್ತುವ ಮೊದಲು ಕಂಡಕ್ಟರನ್ನು ಕೇಳಿ: “ಚನ್ನಪಟ್ಟಣದ ಊರೊಳಗೆ ಹೋಗುತ್ತಾ?” ರೈಲಾದರೆ ಈ ತೊಂದರೆಯಿಲ್ಲ. ಚನ್ನಪಟ್ಟಣ, ರಾಮನಗರ, ಬಿಡದಿ ಮೂರಕ್ಕೂ ಸ್ಟೇಷನ್ ಇದೆ. ಯಾವ ರೈಲು ಎಲ್ಲಿ ನಿಲ್ಲುತ್ತದೆ ಎಂದು ಮಾತ್ರ ಕೇಳಿಕೊಳ್ಳಬೇಕು.

ಚನ್ನಪಟ್ಟಣ ಗೊಂಬೆಗಳ ಊರು. ಆಲೆ ಮರದ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ ಗಿರಗಿರ ತಿರುಗಿಸುತ್ತಾರೆ. ಉಳಿ ಹಿಡಿದು ರೂಪ ಕೊಡುತ್ತಾರೆ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ತಿರುಗುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೇದಗೆಯ ಜಾತಿಯ ಎಲೆಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಅರಿಸಿನದಿಂದ ಹಳದಿ, ನೀಲಿ ಗಿಡದಿಂದ ನೀಲಿ ಬಣ್ಣ ಮಾಡುವುದೂ ಉಂಟು. ಮಗು ಬಾಯಿಗೆ ಹಾಕುವ ಗೊಂಬೆಯಾದರೆ ಯಾವ ಬಣ್ಣ ಎಂದು ಕೇಳಿಯೇ ತೆಗೆದುಕೊಳ್ಳಿ.

ಜಾನಪದ ಲೋಕಕ್ಕೆ ಮಂಗಳವಾರ ಹೋಗಬೇಡಿ, ಅಂದು ರಜೆ. ಇದನ್ನು ಕಟ್ಟಿದವರು ಎಚ್.ಎಲ್. ನಾಗೇಗೌಡರು. ನಮ್ಮ ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನವರು. ದೊಡ್ಡ ಅಧಿಕಾರಿಯಾಗಿದ್ದರು. ಹಳ್ಳಿ ಹಳ್ಳಿ ತಿರುಗಿ ಜನರ ಹಾಡು, ಕತೆ ಸಂಗ್ರಹಿಸಿದರು. 1994ರಲ್ಲಿ ಜಾನಪದ ಲೋಕ ತೆರೆಯಿತು. ಅವರು 2005ರಲ್ಲಿ ತೀರಿಕೊಂಡರು. ಅಲ್ಲಿ ತೊಗಲು ಗೊಂಬೆ ಇವೆ, ಯಕ್ಷಗಾನದ ವೇಷ ಇವೆ. ನಮ್ಮ ಹೆಂಗಸರು ಹೆಚ್ಚು ಹೊತ್ತು ನಿಂತದ್ದು ಮಾತ್ರ ಮನೆ ಸಾಮಾನಿನ ಮುಂದೆ. ಬೀಸುವ ಕಲ್ಲು, ಒನಕೆ, ಮೊರ, ಮಡಕೆ.

ನಮ್ಮ ಜೊತೆ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಇದ್ದರು. “ಇಂಥದ್ದು ನಮ್ಮ ಅಟ್ಟದ ಮೇಲೆ ಬಿದ್ದದೆ. ಇದಕ್ಕೂ ಬೋರ್ಡು ಬರೆದವರಲ್ಲ!” ಎಂದರು. ಬೋರ್ಡಿನ ಹತ್ತಿರ ಬಗ್ಗಿ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಬೀ, ಸು, ವ, ಕ, ಲ್ಲು. ಓದಿ ಮುಗಿಸಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ಮೆಲ್ಲಗೆ ರಾಗಿ ಬೀಸುವ ಪದ ಒಂದನ್ನು ಗುನುಗಿದರು. ಹೀಗೆ ಓದು ಬಾರದ ತಾಯಂದಿರು ಹಾಡಿದ ಪದಗಳೇ ಇವತ್ತು ಪುಸ್ತಕಗಳಾಗಿವೆ ಎಂದು ಅವರಿಗೆ ಹೇಳಿದೆವು. “ಹಂಗಾದ್ರೆ ಮುಂದಿನ ಪಾಠಕ್ಕೆ ನನ್ನ ಪದ ನಾನೇ ಬರ್ಕೊಂಡು ಬತ್ತೀನಿ” ಎಂದರು. ತಂದರು ಕೂಡ. ಎರಡು ಪುಟ.

ರಾಮನಗರದ ಬಂಡೆ ಬೆಟ್ಟಗಳು ಬಸ್ಸಿನಿಂದಲೇ ಕಾಣುತ್ತವೆ. 1975ರಲ್ಲಿ ಬಂದ ‘ಶೋಲೆ’ ಸಿನಿಮಾ ತೆಗೆದದ್ದು ಇಲ್ಲೇ. ರಾಮದೇವರ ಬೆಟ್ಟದಲ್ಲಿ ರಣಹದ್ದುಗಳಿವೆ. ಮಂಡಿ ನೋವಿನವರು ಬೆಟ್ಟ ಹತ್ತುವುದು ಬೇಡ.

ಇನ್ನೊಂದು ಕೆಲಸ ಇದೆ. ಇದನ್ನು ಯಾರೂ ಬಿಡಬೇಡಿ. ಪಾರ್ಕಿನಲ್ಲಿ ಜನಜಂಗುಳಿ ಇರುತ್ತದೆ. ಮಗು ಕೈ ತಪ್ಪಲು ಒಂದು ಗಳಿಗೆ ಸಾಕು. ಹೊರಡುವ ಹಿಂದಿನ ರಾತ್ರಿ ಒಂದು ಚೀಟಿ ಬರೆಯಿರಿ. ಮಗುವಿನ ಹೆಸರು, ಅಪ್ಪ ಅಮ್ಮನ ಹೆಸರು, ಊರು, ಫೋನ್ ನಂಬರು. ನಂಬರಿನಲ್ಲಿ ಹತ್ತು ಅಂಕಿ ಇವೆಯೇ ಎಣಿಸಿ. ಮನೆಯಲ್ಲಿ ಬೇರೆ ಯಾರಿಗಾದರೂ ಕೊಟ್ಟು ಓದಿಸಿ, ಸರಿಯಿದೆಯೇ ನೋಡಿ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೇಬಿಗೆ ಇಟ್ಟು ಪಿನ್ನು ಚುಚ್ಚಿ. ನೀರಿಗೆ ಇಳಿಯುವಾಗ ಜೇಬು ಇರುವುದಿಲ್ಲ, ಮಗುವಿನ ತೋಳಿನ ಮೇಲೆ ಪೆನ್ನಿನಲ್ಲಿ ನಂಬರು ಬರೆಯಿರಿ. ಅಳಿಸಿದರೆ ಮತ್ತೆ ಬರೆಯಿರಿ. ಒಳಗೆ ಹೋದ ಕೂಡಲೇ ಒಂದು ಜಾಗ ಗೊತ್ತು ಮಾಡಿ, “ತಪ್ಪಿಸಿಕೊಂಡರೆ ಇಲ್ಲಿಗೇ ಬಾ” ಎಂದು ಮಗುವಿಗೆ ತೋರಿಸಿ.

ಆ ತಾಯಿಯ ಮನೆಯವರು ಚನ್ನಪಟ್ಟಣ, ಜಾನಪದ ಲೋಕ ನೋಡಿ ಬಂದಿದ್ದಾರೆ. ಅತ್ತೆಯೂ ಹೋಗಿದ್ದರು. ಪಾರ್ಕಿನ ಡಬ್ಬಿಯಲ್ಲಿ ಈಗ ಹದಿನೇಳು ವಾರದ ದುಡ್ಡು ಇದೆ. ಡಬ್ಬಿಯ ಮೇಲೆ ನಾಲ್ಕು ಹೆಸರು ಬರೆದು ಅಂಟಿಸಿದ್ದಾರೆ.

ಲೆಕ್ಕ ಮಾಡಿ: ವಾರಕ್ಕೆ 150ರಂತೆ ಹದಿನೇಳು ವಾರಕ್ಕೆ ಎಷ್ಟಾಯಿತು? 6,000 ಆಗಲು ಇನ್ನು ಎಷ್ಟು ಬೇಕು?

ಬರೆಯಿರಿ: ನಿಮ್ಮ ಮನೆಯಿಂದ ಯಾರು ಯಾರು ಹೋಗುತ್ತೀರಿ? ಪಟ್ಟಿ ಮಾಡಿ. ಮೊದಲನೆಯ ಸಾಲಿನಲ್ಲಿ ನಿಮ್ಮ ಹೆಸರು ಬರೆಯಿರಿ.